ಟ್ರೇಲರ್ ಕೊಳ್ಳುವ ಮುನ್ನ ಅದರ ಕೆಳಗೊಮ್ಮೆ ಮಲಗಿ ನೋಡಿ

ಮೆಕ್ಕೆಜೋಳದ ಸುಗ್ಗಿಗೆ ಇನ್ನೊಂದು ತಿಂಗಳಿದೆ ಅನ್ನುವಾಗ ನನಗೆ ಬರುವ ಫೋನುಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ. ಜಗಳೂರಿನವರು ಕೇಳುತ್ತಾರೆ, ಹೊಳಲ್ಕೆರೆಯವರು ಕೇಳುತ್ತಾರೆ, ಹರಿಹರದ ಭತ್ತದವರು ಕೇಳುತ್ತಾರೆ: "ಒಂದು ಟ್ರೇಲರ್ ನೋಡಿದೀವಿ ಅಣ್ಣಾ, ತಗೋಬಹುದಾ?" ಫೋಟೋ ಕಳಿಸುತ್ತಾರೆ. ಫೋಟೋದಲ್ಲಿ ಬಣ್ಣ ಕಾಣುತ್ತದೆ, ಹಿಂಬಾಗಿಲಿನ ಮೇಲೆ ಬರೆಸಿದ ದೇವರ ಹೆಸರು ಕಾಣುತ್ತದೆ. ತಗೋಬಹುದೋ ಬೇಡವೋ ಅನ್ನುವುದು ಮಾತ್ರ ಕಾಣುವುದಿಲ್ಲ.

ಟ್ರ್ಯಾಕ್ಟರ್ ಬಗ್ಗೆ ಇಷ್ಟು ಯಾರೂ ಕೇಳುವುದಿಲ್ಲ. ಅದಕ್ಕೆ ಕಂಪನಿ ಇದೆ, ಷೋರೂಂ ಇದೆ, ಸರ್ವಿಸ್ ಪುಸ್ತಕ ಇದೆ. ನಮ್ಮ ಕಡೆಯ ಟ್ರೇಲರ್‌ಗಳಲ್ಲಿ ಬಹಳಷ್ಟು ಊರ ವರ್ಕ್‌ಶಾಪಿನಲ್ಲೇ ಹುಟ್ಟಿದವು. ಒಂದೇ ವರ್ಕ್‌ಶಾಪಿನಿಂದ ಒಂದೇ ತಿಂಗಳು ಇಳಿದ ಎರಡು ಟ್ರೇಲರ್ ಕೂಡ ಒಂದೇ ಥರ ಇರುವುದಿಲ್ಲ. ಆ ವಾರ ಯಾವ ದಪ್ಪದ ಶೀಟು ಸಿಕ್ಕಿತು, ಚಾಸಿಗೆ, ಅಂದರೆ ಕೆಳಗಿನ ಕಬ್ಬಿಣದ ಚೌಕಟ್ಟಿಗೆ, ವೆಲ್ಡಿಂಗ್ ಹಿಡಿದವನು ಹಳೆಯ ಮೇಸ್ತ್ರಿಯೋ ಹೊಸ ಹುಡುಗನೋ, ಎಲ್ಲ ಅದರ ಮೇಲೆ. ಹಾಗಾಗಿ ಇಲ್ಲಿ ಹೆಸರು ನಂಬಿ ಕೊಳ್ಳಲು ಬರುವುದಿಲ್ಲ. ಒಂದೊಂದು ಟ್ರೇಲರನ್ನೂ ಬೇರೆ ಬೇರೆಯಾಗಿಯೇ ನೋಡಬೇಕು, ಅದೂ ನಿಮ್ಮ ಕಣ್ಣಿನಿಂದಲೇ.

ನಮ್ಮ ಮನೆಯ ಮೊದಲ ಟ್ರೇಲರ್ ಮೂರನೇ ಸುಗ್ಗಿಗೆ, ಜೋಳ ತುಂಬಿಕೊಂಡು ಮಾರುಕಟ್ಟೆಗೆ ಹೊರಟಾಗ, ಮೂಕಿಯ, ಅಂದರೆ ಟ್ರ್ಯಾಕ್ಟರಿಗೆ ಸಿಕ್ಕಿಸುವ ಮುಂದಿನ ಕಬ್ಬಿಣದ, ಬುಡದಲ್ಲಿ ಬಿರುಕು ಬಿಟ್ಟು ಕೂತುಬಿಟ್ಟಿತು. ಆ ಬಿರುಕು ಕೊಳ್ಳುವ ದಿನವೇ ಇತ್ತು, ಹೊಸ ಬಣ್ಣದ ಕೆಳಗೆ. ನಾವು ಕೆಳಗೆ ಬಗ್ಗಿ ನೋಡಿರಲಿಲ್ಲ.

ಹೊಸದಾದರೂ ಸರಿ, ಸೆಕೆಂಡ್ ಹ್ಯಾಂಡ್ ಆದರೂ ಸರಿ, ಕೆಳಗಿನ ಕ್ರಮದಲ್ಲೇ ನೋಡುತ್ತಾ ಹೋಗಿ. ಎರಡು ತಾಸು ಹಿಡಿಯುತ್ತದೆ. ಮಾರುವವರು ಎರಡು ತಾಸು ಕೊಡಲು ಒಪ್ಪದಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ.

ಜೊತೆಗೆ ಏನು ಒಯ್ಯಬೇಕು

ಅಳತೆ ಟೇಪು, ಶೀಟಿನ ದಪ್ಪ ಅಳೆಯುವ ವರ್ನಿಯರ್ ಕ್ಯಾಲಿಪರ್, ಸಣ್ಣ ಸುತ್ತಿಗೆ, ಟಾರ್ಚು, ಸೀಮೆಸುಣ್ಣ, ಹದಿನೈದಿಪ್ಪತ್ತು ಅಡಿ ನೈಲಾನ್ ಹುರಿ, ಒಂದು ಮ್ಯಾಗ್ನೆಟ್, ಕೆಳಗೆ ಹಾಸಿಕೊಳ್ಳಲು ಗೋಣಿಚೀಲ. ಹಳೆಯ ಸ್ಪೀಕರಿನಿಂದ ಬಿಚ್ಚಿದ ಮ್ಯಾಗ್ನೆಟ್ ಸಾಕು. ಜಾಕು ಮತ್ತು ಎರಡು ಗಟ್ಟಿ ಮರದ ದಿಮ್ಮಿ ಅಲ್ಲಿ ಸಿಗುತ್ತವೆಯೇ ಎಂದು ಮೊದಲೇ ಕೇಳಿಕೊಳ್ಳಿ. ಹಗಲು ಹೊತ್ತಿನಲ್ಲಿ ಹೋಗಿ, ಮತ್ತು ಟ್ರೇಲರನ್ನು ತೊಳೆಸಿ ಇಡಲು ಹೇಳಿ. ಕೆಸರು ಮೆತ್ತಿದ ಚಾಸಿಯಲ್ಲಿ ಯಾವ ದೋಷವೂ ಕಾಣುವುದಿಲ್ಲ.

ಹಂತ 1: ನಿಮ್ಮ ಹೇರಿನ ಲೆಕ್ಕ

ನೀವು ಏನು ಹೇರುತ್ತೀರಿ ಅನ್ನುವುದು ಮೊದಲು ತೀರ್ಮಾನವಾಗಲಿ. ಸಾಮಾನ್ಯವಾಗಿ ಸಿಗುವ 10 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಎತ್ತರದ ಡಬ್ಬಿ ತೆಗೆದುಕೊಳ್ಳಿ. ಅದರಲ್ಲಿ ಹಿಡಿಸುವುದು 120 ಘನ ಅಡಿ, ಅಂದರೆ 3.4 ಘನ ಮೀಟರ್. ಒಣಗಿದ ಮೆಕ್ಕೆಜೋಳ ಮಟ್ಟಸವಾಗಿ ತುಂಬಿದರೆ ಸುಮಾರು ಎರಡೂವರೆ ಟನ್. ಭತ್ತವಾದರೆ ಎರಡು ಟನ್ನಿನ ಹತ್ತಿರ. ಅದೇ ಡಬ್ಬಿಗೆ ಮರಳು ತುಂಬಿದರೆ ಐದು ಟನ್ ದಾಟುತ್ತದೆ, ಒದ್ದೆ ಮರಳಾದರೆ ಇನ್ನೂ ಜಾಸ್ತಿ. ನೋಡುವ ಕಣ್ಣಿಗೆ ಎರಡೂ ಒಂದೇ ಡಬ್ಬಿ, ಆಕ್ಸಲ್‌ಗೆ, ಅಂದರೆ ಗಾಲಿಯ ಅಚ್ಚಿಗೆ, ಮಾತ್ರ ಒಂದಕ್ಕೆ ಎರಡರಷ್ಟು ಭಾರ.

ಈ ಲೆಕ್ಕದಿಂದ ಎರಡು ಉಪಯೋಗ. ಮೊದಲನೆಯದು, ನಿಮ್ಮ ಟ್ರ್ಯಾಕ್ಟರಿಗೆ ಇದು ಆಗುತ್ತದೆಯೇ ಎಂದು ತಿಳಿಯುತ್ತದೆ. 45 ಎಚ್‌ಪಿಯ ಟ್ರ್ಯಾಕ್ಟರ್ ತಾನೇ ಸುಮಾರು 2 ಟನ್ ತೂಗುತ್ತದೆ. ಅದರ ಹಿಂದೆ ಐದಾರು ಟನ್ ಕಟ್ಟಿದರೆ ಎಳೆಯುವುದು ಎಳೆದೀತು, ಇಳಿಜಾರಿನಲ್ಲಿ ನಿಲ್ಲಿಸುವವರು ಯಾರು? ಎರಡನೆಯದು, ಸೆಕೆಂಡ್ ಹ್ಯಾಂಡ್ ಟ್ರೇಲರ್ ಇಷ್ಟು ವರ್ಷ ಏನು ಹೊತ್ತಿತ್ತು ಅನ್ನುವುದನ್ನು ಕೇಳಲೇಬೇಕು. ಐದು ವರ್ಷ ಜೋಳ, ಈರುಳ್ಳಿ, ಗೊಬ್ಬರ ಹೊತ್ತದ್ದು ಬೇರೆ, ಎರಡೇ ವರ್ಷ ಜಲ್ಲಿ ಕಲ್ಲು ಹೊತ್ತದ್ದು ಬೇರೆ. ಬಾಯಿಮಾತಿನ ಮೇಲೆ ಬಿಡಬೇಡಿ. ಡಬ್ಬಿಯ ಒಳಗೆ ತಳದ ಶೀಟು ನೋಡಿ. ಕಲ್ಲು ಹೊತ್ತ ಡಬ್ಬಿಯ ತಳದಲ್ಲಿ ತಟ್ಟೆಯ ಹಾಗೆ ಸಣ್ಣ ಸಣ್ಣ ಕುಳಿ ಬಿದ್ದಿರುತ್ತವೆ, ಅಡ್ಡಪಟ್ಟಿಗಳ ನಡುವೆ ಶೀಟು ಕೆಳಕ್ಕೆ ಜೋತಿರುತ್ತದೆ. ಗೊಬ್ಬರ ಹೊತ್ತದ್ದಾದರೆ ಮೂಲೆಗಳಲ್ಲಿ ತುಕ್ಕು ಪದರ ಪದರವಾಗಿ ಎದ್ದಿರುತ್ತದೆ. ಯೂರಿಯಾ ಉದುರಿದ ಜಾಗದಲ್ಲಿ ತೇವ ನಿಂತು ಕಬ್ಬಿಣ ಬೇಗ ತಿನ್ನಿಸಿಕೊಳ್ಳುತ್ತದೆ.

ಹಂತ 2: ಶೀಟು ಎಷ್ಟು ದಪ್ಪ

"ಹನ್ನೆರಡು ಗೇಜ್ ಹಾಕಿದೀನಿ, ಆನೆ ಹತ್ತಿದ್ರೂ ಬಗ್ಗಲ್ಲ" ಎಂದು ಹೇಳುತ್ತಾರೆ. ಗೇಜು ಅಂದರೆ ಶೀಟಿನ ದಪ್ಪ ಹೇಳುವ ಹಳೆಯ ಲೆಕ್ಕ. ಅದು ಉಲ್ಟಾ ನಡೆಯುತ್ತದೆ: ಗೇಜಿನ ಸಂಖ್ಯೆ ಏರಿದ ಹಾಗೆ ಶೀಟು ತೆಳ್ಳಗಾಗುತ್ತದೆ. ನಮ್ಮಲ್ಲಿ ರೂಢಿಯಲ್ಲಿರುವ ಎಸ್‌ಡಬ್ಲ್ಯೂಜಿ (ಸ್ಟ್ಯಾಂಡರ್ಡ್ ವೈರ್ ಗೇಜ್) ಪಟ್ಟಿಯ ಪ್ರಕಾರ 10 ಗೇಜ್ ಅಂದರೆ 3.25 ಮಿ.ಮೀ., 12 ಗೇಜ್ ಅಂದರೆ 2.64 ಮಿ.ಮೀ., 14 ಗೇಜ್ ಅಂದರೆ 2.03 ಮಿ.ಮೀ. ಮಾತನಾಡುವಾಗ ಗೇಜು ಬಿಟ್ಟು ಮಿಲಿಮೀಟರಿನಲ್ಲೇ ಕೇಳಿ, ಮಿಲಿಮೀಟರಿನಲ್ಲೇ ಬರೆಸಿಕೊಳ್ಳಿ.

ಅಳೆಯುವಾಗ ಮಡಚಿದ ಅಂಚಿನಲ್ಲಿ ಅಳೆಯಬೇಡಿ, ಅಲ್ಲಿ ಎರಡು ಪದರ ಇರುತ್ತದೆ. ಕೀಲಿನ ಹತ್ತಿರದ ತೂತು, ಹಿಂಬಾಗಿಲಿನ ಬಿಡಿ ಅಂಚು, ಇಂಥ ಕಡೆ ವರ್ನಿಯರ್ ಹಾಕಿ. ಬಣ್ಣದ ದಪ್ಪವೂ ಅದರಲ್ಲಿ ಸೇರಿರುತ್ತದೆ ಅನ್ನುವುದು ನೆನಪಿರಲಿ. ತಳಕ್ಕೆ 3 ಮಿ.ಮೀ.ಗಿಂತ ಕಡಿಮೆ ಇದ್ದರೆ ನಾನು ಧಾನ್ಯಕ್ಕೂ ಒಪ್ಪುವುದಿಲ್ಲ. ಪಕ್ಕದ ಗೋಡೆಗೆ ಸ್ವಲ್ಪ ತೆಳ್ಳಗಿದ್ದರೂ ನಡೆಯುತ್ತದೆ.

ತೂಕದಿಂದಲೂ ಪತ್ತೆ ಹಚ್ಚಬಹುದು. ಒಂದು ಚದರ ಮೀಟರ್ ಅಗಲದ, 1 ಮಿ.ಮೀ. ದಪ್ಪದ ಕಬ್ಬಿಣದ ಶೀಟು 7.85 ಕೆ.ಜಿ. ತೂಗುತ್ತದೆ. 10 ಅಡಿಗೆ 6 ಅಡಿ ತಳದ ಶೀಟು 3 ಮಿ.ಮೀ. ಆದರೆ 131 ಕೆ.ಜಿ., 2 ಮಿ.ಮೀ. ಆದರೆ 87 ಕೆ.ಜಿ. ತಳ ಒಂದರಲ್ಲೇ 44 ಕೆ.ಜಿ. ಉಳಿಸಿದರೆ ಚಾನಲ್ಲಿನಲ್ಲಿ ಎಷ್ಟು ಉಳಿಸಿರಬಹುದು, ಯೋಚಿಸಿ. ಆದ್ದರಿಂದ ಟ್ರೇಲರನ್ನು ವೇಬ್ರಿಡ್ಜಿಗೆ ಒಯ್ಯಿರಿ. ಟ್ರ್ಯಾಕ್ಟರ್ ಸಮೇತ ಒಮ್ಮೆ, ಬರೀ ಟ್ರ್ಯಾಕ್ಟರ್ ಒಮ್ಮೆ ತೂಗಿಸಿ, ಕಳೆದರೆ ಟ್ರೇಲರಿನ ಖಾಲಿ ತೂಕ ಬಂತು. ಅದನ್ನು ಆರ್‌ಸಿಯಲ್ಲಿ, ಅಂದರೆ ನೋಂದಣಿ ಪತ್ರದಲ್ಲಿ, ಬರೆದಿರುವ ಖಾಲಿ ತೂಕದ ಜೊತೆ ಹೋಲಿಸಿ. ತುಂಬ ಕಡಿಮೆ ಬಂದರೆ ಕಬ್ಬಿಣ ಉಳಿಸಿದ್ದಾರೆ. ತುಂಬ ಜಾಸ್ತಿ ಬಂದರೆ ಆಮೇಲೆ ಯಾರೋ ಡಬ್ಬಿ ಏರಿಸಿದ್ದಾರೆ, ಇಲ್ಲವೇ ಮುರಿದ ಚಾಸಿಗೆ ತೇಪೆ ಹಾಕಿದ್ದಾರೆ.

ಹಂತ 3: ಕೆಳಗೆ ಮಲಗಿ

ಇದೇ ಮುಖ್ಯ ಹಂತ. ಎರಡು ತಾಸಿನಲ್ಲಿ ಇದೊಂದಕ್ಕೇ ಅರ್ಧ ತಾಸು ಕೊಡಿ.

ಎಚ್ಚರಿಕೆ ಮೊದಲು. ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಬರೀ ಜಾಕಿನ ಮೇಲೆ ನಿಂತ ಟ್ರೇಲರಿನ ಕೆಳಗೆ ಯಾವ ಕಾರಣಕ್ಕೂ ಹೋಗಬೇಡಿ, ಮರದ ದಿಮ್ಮಿ ಕೊಟ್ಟೇ ಹೋಗಿ. ಡಬ್ಬಿ ಎತ್ತಿದ್ದರೆ ಕಬ್ಬಿಣದ ಆಸರೆ ಕೊಡದೆ ತಲೆ ಕೂಡ ಒಳಗೆ ಹಾಕಬೇಡಿ.

ಗೋಣಿಚೀಲ ಹಾಸಿ ಅಂಗಾತ ಮಲಗಿ ಟಾರ್ಚು ಬಿಡಿ. ಉದ್ದಕ್ಕೆ ಓಡುವ ಎರಡು ದಪ್ಪ ಚಾನಲ್‌ಗಳು ಕಾಣುತ್ತವೆ. ಚಾನಲ್ ಅಂದರೆ ಅಡ್ಡ ಕೊಯ್ದಾಗ ಮೂರು ಬದಿ ಮುಚ್ಚಿ ಒಂದು ಬದಿ ತೆರೆದಿರುವ ಕಬ್ಬಿಣ. ಅದರ ಎತ್ತರ ಅಳೆದು ಬರೆದುಕೊಳ್ಳಿ. 100 ಮಿ.ಮೀ. ಎಂದು ಹೇಳಿ 75 ಹಾಕಿರುವುದನ್ನು ಕಂಡಿದ್ದೇನೆ. ಚಾನಲ್ ಇಡೀ ಉದ್ದಕ್ಕೆ ಒಂದೇ ತುಂಡಾಗಿದೆಯೇ, ನಡುವೆ ಜೋಡಿಸಿದ್ದಾರೆಯೇ ನೋಡಿ. ಜೋಡಿಸಿದ್ದರೆ ಆ ಜಾಗದಲ್ಲಿ ಪಕ್ಕಕ್ಕೆ ಪಟ್ಟಿ ಕೊಟ್ಟು ಗಟ್ಟಿ ಮಾಡಿರಬೇಕು. ಆಕ್ಸಲ್‌ನ ನೆತ್ತಿಯ ಮೇಲೇ ಜೋಡಣೆ ಬಿದ್ದಿದ್ದರೆ ಆ ಟ್ರೇಲರ್ ಬೇಡ.

ಆಮೇಲೆ ವೆಲ್ಡಿಂಗ್. ಒಳ್ಳೆಯ ವೆಲ್ಡಿಂಗಿನ ಸಾಲು ಮೀನಿನ ಪೊರೆಯ ಹಾಗೆ ಒಂದರ ಮೇಲೊಂದು ಅಲೆ ಕೂತು, ಒಂದೇ ಅಗಲದಲ್ಲಿ, ಎರಡೂ ಕಬ್ಬಿಣಕ್ಕೆ ಬೆರೆತು ಹೋಗಿರುತ್ತದೆ. ಕೆಟ್ಟದ್ದು ಎದ್ದು ಕಾಣುತ್ತದೆ: ಗೊಣ್ಣೆ ಸುರಿದ ಹಾಗೆ ಮೇಲೆ ಕೂತಿರುತ್ತದೆ, ನಡುನಡುವೆ ಸೂಜಿ ತೂತು, ಪಕ್ಕದಲ್ಲಿ ಕಬ್ಬಿಣ ಕೊರೆದ ಗೆರೆ. ಇನ್ನೊಂದು ಮೋಸವಿದೆ. ಅಡ್ಡಪಟ್ಟಿಗಳನ್ನು ಸುತ್ತಲೂ ವೆಲ್ಡ್ ಮಾಡದೆ ಎರಡು ಮೂರು ಕಡೆ ಬರೀ ಚುಕ್ಕೆ ಇಟ್ಟಿರುತ್ತಾರೆ. ಅದಕ್ಕೆ ಟಾಕ್ ಎನ್ನುತ್ತಾರೆ. ಟಾಕ್ ಇರುವುದು ಜೋಡಿಸುವಾಗ ಅಲುಗದಿರಲಿ ಅಂತ, ಭಾರ ಹೊರಲು ಅಲ್ಲ. ಮೇಲಿನಿಂದ ಕಾಣುವ ಕಡೆ ಪೂರ್ತಿ ವೆಲ್ಡಿಂಗ್, ಕೆಳಗೆ ಕಾಣದ ಕಡೆ ಟಾಕ್, ಇದು ಮಾಮೂಲು.

ಬಿರುಕು ಹುಡುಕುವ ಜಾಗ ನಾಲ್ಕು: ಮೂಕಿ ಚಾಸಿಗೆ ಸೇರುವ ಬುಡ, ಸ್ಪ್ರಿಂಗು ತೂಗುಹಾಕಿದ ಕಿವಿಗಳು, ಆಕ್ಸಲ್ ಮೇಲಿನ ಅಡ್ಡಪಟ್ಟಿ, ಡಬ್ಬಿ ಎತ್ತಿ ಸುರಿಯುವ ಟಿಪ್ಪಿಂಗ್ ಇದ್ದರೆ ಹಿಂದಿನ ಕೀಲು. ಬಿರುಕು ಬಾಯಿ ಬಿಟ್ಟು ಕೂತಿರುವುದಿಲ್ಲ. ಬಣ್ಣದ ಮೇಲೆ ತಲೆಗೂದಲಿನಷ್ಟು ಸಣ್ಣ ಕಂದು ಗೆರೆ, ಅಷ್ಟೇ. ಒಳಗಿನ ಬಿರುಕಿನಿಂದ ತುಕ್ಕಿನ ನೀರು ಬಣ್ಣ ಸೀಳಿಕೊಂಡು ಹೊರಬಂದ ಗುರುತು ಅದು. ಸಾಮಾನ್ಯವಾಗಿ ವೆಲ್ಡಿಂಗಿನ ಮೇಲೆ ಇರುವುದಿಲ್ಲ, ಅದರ ಪಕ್ಕದಲ್ಲೇ, ಸಾಲಿಗೆ ಅಂಟಿಕೊಂಡು ಓಡಿರುತ್ತದೆ. ಉಗುರಿನಿಂದ ಕೆರೆದು ನೋಡಿ, ಅನುಮಾನ ಬಂದ ಜಾಗಕ್ಕೆಲ್ಲ ಸೀಮೆಸುಣ್ಣದಿಂದ ಗುರುತು ಹಾಕಿ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ: ಗಟ್ಟಿ ಇದ್ದ ಕಡೆ ಟಣ್ ಅನ್ನುತ್ತದೆ, ಬಿಟ್ಟುಕೊಂಡ ಕಡೆ ದನಿ ಒಡೆದು ಬರುತ್ತದೆ. ತುಕ್ಕು ತಿಂದ ಕಡೆ ತಟ್ಟಿದರೆ ಚಕ್ಕೆ ಉದುರುತ್ತದೆ.

ಹಳೆಯ ಟ್ರೇಲರಿಗೆ ಒಂದು ಕಡೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಅನುಮಾನ ಪಡಿ. ಮ್ಯಾಗ್ನೆಟ್ ಹಿಡಿದು ಗೋಡೆಯ ಮೇಲೆ ಆಡಿಸಿ. ಪುಟ್ಟಿ ಮೆತ್ತಿದ ಕಡೆ ಅದು ಹಿಡಿಯುವುದಿಲ್ಲ, ಜಾರುತ್ತದೆ.

ಕೊನೆಗೆ ಹುರಿಯ ಕೆಲಸ. ಮೂಕಿಯ ತುದಿಯ ಕೊಂಡಿಯಿಂದ ಆಕ್ಸಲ್‌ನ ಎಡ ತುದಿಗೆ ಹುರಿ ಎಳೆದು ಗುರುತು ಮಾಡಿ, ಅದೇ ಹುರಿಯನ್ನು ಬಲ ತುದಿಗೆ ಹಿಡಿಯಿರಿ. ಎರಡೂ ಒಂದೇ ಬರಬೇಕು. ಒಂದು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಆಕ್ಸಲ್ ಓರೆಯಾಗಿ ಕೂತಿದೆ, ಅಥವಾ ಎಲ್ಲೋ ಗುದ್ದಿಸಿಕೊಂಡಿದೆ. ಅಂಥದ್ದು ರಸ್ತೆಯಲ್ಲಿ ಅಡ್ಡಡ್ಡ ಎಳೆಯುತ್ತದೆ, ಟೈರನ್ನು ಒಂದೇ ವರ್ಷಕ್ಕೆ ಉಜ್ಜಿ ಹಾಕುತ್ತದೆ. ಡಬ್ಬಿಯ ಮೂಲೆಯಿಂದ ಮೂಲೆಗೂ ಹೀಗೇ ಅಳೆದು ನೋಡಿ.

ಹಂತ 4: ಮೂಕಿ, ಕೊಂಡಿ, ಪಿನ್ನು

ಎತ್ತಿನ ಗಾಡಿಗೆ ಮೂಕಿ ಹೇಗೋ ಟ್ರೇಲರಿಗೆ ಮುಂದಿನ ಈ ತ್ರಿಕೋನದ ಕಬ್ಬಿಣ ಹಾಗೆ. ಅದರ ತುದಿಯ ಕೊಂಡಿ, ಅಂದರೆ ಟ್ರ್ಯಾಕ್ಟರಿನ ಪಿನ್ನು ಹಾಯುವ ಬಳೆ, ದುಂಡಗೆ ಇರಬೇಕು. ಎಳೆದೆಳೆದು ಸವೆದದ್ದು ಮೊಟ್ಟೆಯಾಕಾರ ಆಗಿರುತ್ತದೆ. ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ ವರ್ನಿಯರ್ ಹಿಡಿದರೆ ಗೊತ್ತಾಗಿಬಿಡುತ್ತದೆ. ಸವೆದ ಕೊಂಡಿಯೊಳಗೆ ವೆಲ್ಡಿಂಗ್ ತುಂಬಿ ಸರಿ ಮಾಡಿದ್ದರೆ ಒಪ್ಪಬೇಡಿ, ಹೊಸದು ಹಾಕಿಸಿ ಕೊಡಿ ಎನ್ನಿ.

ಪಿನ್ನಿಗೆ ಕೆಳಗೆ ಕಡಾಣಿ ಇರಬೇಕು, ಅದು ಮೇಲಕ್ಕೆ ಹಾರದ ಹಾಗೆ. ತಂತಿ ಸುತ್ತಿ ಓಡಿಸುವವರನ್ನು ದಿನಾ ನೋಡುತ್ತೇವೆ, ನೋಡಿದಾಗಲೆಲ್ಲ ನನಗೆ ಎದೆ ಝಲ್ಲೆನ್ನುತ್ತದೆ. ಪಿನ್ನಿನ ಜೊತೆಗೆ ಒಂದು ಸೇಫ್ಟಿ ಸರಪಳಿ ಕೇಳಿ. ಪಿನ್ನು ಹಾರಿದರೂ ಟ್ರೇಲರ್ ತಾನಾಗಿ ಓಡಿಹೋಗದಂತೆ ಹಿಡಿಯುವುದು ಅದೇ.

ಎರಡು ಗಾಲಿಯ ಟ್ರೇಲರಾದರೆ ಸಮತೂಕವನ್ನೂ ನೋಡಬೇಕು. ಆಕ್ಸಲ್ ಡಬ್ಬಿಯ ನಟ್ಟನಡುವೆ ಇರದೆ ಸ್ವಲ್ಪ ಹಿಂದಕ್ಕೆ ಇರಬೇಕು. ಆಗ ಹೇರಿನ ಒಂದಿಷ್ಟು ಭಾರ ಮೂಕಿಯ ಮೂಲಕ ಟ್ರ್ಯಾಕ್ಟರಿನ ಹಿಂಗಾಲಿಗೆ ಬಿದ್ದು ಹಿಡಿತ ಕೊಡುತ್ತದೆ. ಹಿಂದೆ ಭಾರ ಹೆಚ್ಚಾದರೆ ಮೂಕಿ ಮೇಲೇಳುತ್ತದೆ, ಟ್ರ್ಯಾಕ್ಟರಿನ ಹಿಂಗಾಲು ಹಗುರಾಗಿ ಜಾರುತ್ತದೆ. ಇದು ನಮ್ಮ ಕರಿಮಣ್ಣಿನ ಹೊಲದಲ್ಲಿ ಸಿಕ್ಕಿಬೀಳಲು ದೊಡ್ಡ ಕಾರಣ. ನಾಲ್ಕು ಗಾಲಿಯದಕ್ಕೆ ಈ ಚಿಂತೆ ಇಲ್ಲ. ಅದರಲ್ಲಿ ಮುಂದಿನ ಆಕ್ಸಲ್ ತಿರುಗುವ ಟರ್ನ್ ಟೇಬಲ್, ಅಂದರೆ ಬಳೆಯಾಕಾರದ ಬೇರಿಂಗು, ಅಲುಗಾಡುತ್ತದೆಯೇ ನೋಡಿ.

ಹಂತ 5: ಆಕ್ಸಲ್ ಮತ್ತು ಹಬ್

ಗಾಲಿ ತಿರುಗುವ ಗುಂಬವೇ ಹಬ್. ಅದರೊಳಗೆ ಎರಡು ಬೇರಿಂಗು, ಒಂದು ಒಳಗೆ, ಒಂದು ಹೊರಗೆ. ಗ್ರೀಸು ಹೊರಬರದಂತೆ, ಕೆಸರು ಒಳಹೋಗದಂತೆ ತಡೆಯಲು ಒಂದು ಸೀಲು. ತುದಿಯಲ್ಲಿ ನಟ್ಟು, ಆ ನಟ್ಟು ಬಿಚ್ಚದಂತೆ ಸ್ಪ್ಲಿಟ್ ಪಿನ್ನು. ಗಾಡಿಯ ಗಾಲಿಗೆ ಕಡಾಣಿ ಮಾಡುವ ಕೆಲಸವನ್ನೇ ಇಲ್ಲಿ ಆ ಪುಟ್ಟ ಪಿನ್ನು ಮಾಡುತ್ತದೆ. ಅದರ ಜಾಗದಲ್ಲಿ ಮೊಳೆ ಬಗ್ಗಿಸಿ ಹಾಕಿದ್ದನ್ನು ಕಂಡರೆ, ಈ ಟ್ರೇಲರನ್ನು ಹೇಗೆ ನೋಡಿಕೊಂಡಿದ್ದಾರೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಒಂದು ಗಾಲಿಯನ್ನು ಜಾಕಿನಿಂದ ಎತ್ತಿ, ದಿಮ್ಮಿ ಕೊಡಿ. ಟೈರಿನ ನೆತ್ತಿಗೊಂದು ಕೈ, ಬುಡಕ್ಕೊಂದು ಕೈ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ಕಟಕಟ ಅಂದರೆ ಬೇರಿಂಗು ಸಡಿಲ ಅಥವಾ ಸವೆದಿದೆ. ಗಾಲಿಯನ್ನು ಕೈಯಿಂದ ಸುತ್ತಿಸಿ ಕಿವಿ ಕೊಡಿ. ಸೊಂಯ್ಯನೆ ತಿರುಗಬೇಕು. ಮರಳು ಅಗಿದ ಹಾಗೆ ಗರಗರ ಅಂದರೆ ಬೇರಿಂಗು ಹೋಗಿದೆ. ಹಬ್ಬಿನ ಒಳಬದಿಯಲ್ಲಿ, ರಿಮ್ಮಿನ ಮೇಲೆ, ಕಪ್ಪು ಗ್ರೀಸು ಎರಚಿದ್ದರೆ ಸೀಲು ಒಡೆದಿದೆ. ಬೇರಿಂಗು, ಸೀಲು ಬದಲಿಸುವುದು ದೊಡ್ಡ ಖರ್ಚಲ್ಲ, ಬೆಲೆಯಲ್ಲಿ ಇಳಿಸಿಕೊಂಡು ತೆಗೆದುಕೊಳ್ಳಬಹುದು. ಆದರೆ ಬೇರಿಂಗು ಕೂರುವ ಆಕ್ಸಲ್ ತುದಿಯೇ ಸವೆದು ಗೀರು ಬಿದ್ದಿದ್ದರೆ ಹೊಸ ಬೇರಿಂಗು ಕೂಡ ಅಲ್ಲಿ ನಿಲ್ಲುವುದಿಲ್ಲ. ಆದಷ್ಟೂ ಒಂದು ಹಬ್ಬನ್ನು ಬಿಚ್ಚಿಸಿಯೇ ನೋಡಿ.

ಆಕ್ಸಲ್ ನಡುವೆ ಬಾಗಿದೆಯೇ ಎಂದು ತಿಳಿಯಲು ಹಿಂದೆ ಹತ್ತು ಹೆಜ್ಜೆ ದೂರ ನಿಂತು ಕುಕ್ಕರುಗಾಲಲ್ಲಿ ಕೂತು ನೋಡಿ. ಎರಡು ಗಾಲಿಗಳ ನೆತ್ತಿ ಒಂದಕ್ಕೊಂದು ವಾಲಿ, ಬುಡ ಅಗಲವಾಗಿದ್ದರೂ ತಪ್ಪು, ನೆತ್ತಿ ಅಗಲವಾಗಿ ಬುಡ ಕೂಡಿದ್ದರೂ ತಪ್ಪು. ಹೆಚ್ಚು ಭಾರಕ್ಕೆ ಬಗ್ಗಿದ ಆಕ್ಸಲನ್ನು ಬಿಸಿ ಮಾಡಿ ನೆಟ್ಟಗೆ ಮಾಡಿರುವುದುಂಟು. ಅಲ್ಲಿ ಬಣ್ಣ ಸುಟ್ಟ ಗುರುತು, ಸುತ್ತಿಗೆ ಏಟಿನ ಚಪ್ಪಟೆ ಗುರುತು ಇರುತ್ತದೆ.

ಸ್ಪ್ರಿಂಗ್ ಪ್ಲೇಟುಗಳಲ್ಲಿ ತುಂಡಾದದ್ದು, ಒಂದರ ಪಕ್ಕಕ್ಕೊಂದು ಸರಿದದ್ದು ಇದೆಯೇ, ಅವನ್ನು ಹಿಡಿದಿರುವ ಯು-ಬೋಲ್ಟು ಬಿಗಿ ಇದೆಯೇ, ಎರಡೂ ಬದಿ ಪ್ಲೇಟುಗಳ ಎಣಿಕೆ ಒಂದೇ ಇದೆಯೇ ನೋಡಿ.

ಹಂತ 6: ಟೈರು

ಟೈರಿನ ಗೋಡೆಯ ಮೇಲೆ ನಾಲ್ಕು ಅಂಕಿ ಇರುತ್ತದೆ. 3219 ಎಂದಿದ್ದರೆ 2019ರ 32ನೇ ವಾರ ತಯಾರಾದದ್ದು. ನೆಲ ಹಿಡಿಯುವ ರಬ್ಬರ್ ಸವೆಯದಿದ್ದರೂ ಹಳೆಯ ಟೈರಿನ ಗೋಡೆಯಲ್ಲಿ ಒಣ ಕೆರೆಯ ಹಾಗೆ ಬಿರುಕು ಬಿಟ್ಟಿದ್ದರೆ ಭಾರಕ್ಕೆ ನಿಲ್ಲುವುದಿಲ್ಲ. ಎಷ್ಟು ಕೆ.ಜಿ. ತಡೆಯುತ್ತದೆ ಎಂದೂ ಗೋಡೆಯ ಮೇಲೇ ಬರೆದಿರುತ್ತದೆ. ಎರಡು ಟೈರಿನದು ಕೂಡಿಸಿ, ನಿಮ್ಮ ಹೇರು ಮತ್ತು ಖಾಲಿ ತೂಕಕ್ಕೆ ಹೋಲಿಸಿ. ರಿಸೋಲ್ ಟೈರಾದರೆ, ಅಂದರೆ ಹಳೆಯದಕ್ಕೆ ಹೊಸ ರಬ್ಬರ್ ಅಂಟಿಸಿದ್ದಾದರೆ, ಅಂಟಿನ ಅಂಚು ಎದ್ದಿದೆಯೇ ನೋಡಿ. ರಿಮ್ಮಿನಲ್ಲಿ ನಟ್ಟಿನ ತೂತುಗಳ ಸುತ್ತ ಬಿರುಕು ಇರಬಾರದು.

ಹಂತ 7: ಟಿಪ್ಪಿಂಗ್ ಇದ್ದರೆ

ಟ್ರ್ಯಾಕ್ಟರಿನ ಹೈಡ್ರಾಲಿಕ್ ಎಣ್ಣೆಯ ಒತ್ತಡದಿಂದ ಡಬ್ಬಿ ಎತ್ತಿ ಸುರಿಯುವುದೇ ಟಿಪ್ಪಿಂಗ್. ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ತಲೆಯ ಮೇಲೆ ಕರೆಂಟಿನ ತಂತಿ ಇಲ್ಲವೆಂದು ಖಾತ್ರಿ ಮಾಡಿಕೊಂಡು ಡಬ್ಬಿಯನ್ನು ಅರ್ಧಕ್ಕೆ ಎತ್ತಿಸಿ. ಚಾಸಿಯಿಂದ ಡಬ್ಬಿಯ ಅಂಚಿಗೆ ಎಷ್ಟು ಎತ್ತರ ಎಂದು ಹೊರಗೆ ನಿಂತೇ ಟೇಪು ಹಿಡಿದು ಬರೆದುಕೊಳ್ಳಿ. ಹತ್ತು ನಿಮಿಷ ಬಿಟ್ಟು ಮತ್ತೆ ಅಳೆಯಿರಿ. ಕೆಳಕ್ಕೆ ಇಳಿದಿದ್ದರೆ ಡಬ್ಬಿ ಎತ್ತುವ ಹೈಡ್ರಾಲಿಕ್ ಜಾಕಿನ ಸೀಲೋ ವಾಲ್ವೋ ಸೋರುತ್ತಿದೆ. ಡಬ್ಬಿಗೆ ಕಬ್ಬಿಣದ ಆಸರೆ ಕೊಟ್ಟು, ಆ ಜಾಕಿನ ಹೊಳೆಯುವ ರಾಡಿನ ಮೇಲೆ ಬೆರಳಾಡಿಸಿದಾಗ ಗೀರು, ಕುಳಿ ಸಿಕ್ಕರೆ ಸೀಲು ಎಷ್ಟು ಬದಲಿಸಿದರೂ ಮತ್ತೆ ಕಿತ್ತುಹೋಗುತ್ತದೆ. ಪರೀಕ್ಷೆಗೆ ಬರೀ ಖಾಲಿ ಡಬ್ಬಿ ಎತ್ತಿ ತೋರಿಸುತ್ತಾರೆ, ಒಪ್ಪಬೇಡಿ. ಹೇರಿನ ಜೊತೆ ಎತ್ತಿಸಿ. ಒಂದು ಪಕ್ಕಕ್ಕೆ ತಿರುಚಿಕೊಂಡು ಏಳುತ್ತದೆಯೇ ಅನ್ನುವುದು ಆಗಲೇ ಗೊತ್ತಾಗುವುದು.

ಹಂತ 8: ಬ್ರೇಕು, ದೀಪ

ಬ್ರೇಕೇ ಇಲ್ಲದ ಟ್ರೇಲರುಗಳು ನಮ್ಮ ಕಡೆ ಸಾಕಷ್ಟು ಓಡುತ್ತವೆ. ಹೊಸದು ಮಾಡಿಸುವವರು ಬ್ರೇಕ್ ಹಾಕಿಸಿಯೇ ಮಾಡಿಸಿ, ಕನಿಷ್ಠ ನಿಲ್ಲಿಸಿದಾಗ ಹಿಡಿಯುವ ಹ್ಯಾಂಡ್ ಬ್ರೇಕಾದರೂ ಇರಲಿ.

ದೀಪದ ವಿಷಯ ಗಟ್ಟಿಯಾಗಿ ಹೇಳಬೇಕು. ದಾವಣಗೆರೆ, ಚಿತ್ರದುರ್ಗ ಎರಡೂ ರಾಷ್ಟ್ರೀಯ ಹೆದ್ದಾರಿ 48ರ ಮೇಲಿವೆ, ಚಿತ್ರದುರ್ಗದಲ್ಲಿ 50 ಬಂದು ಸೇರುತ್ತದೆ. ರಾತ್ರಿ ಅಲ್ಲಿ ನೂರರ ವೇಗದಲ್ಲಿ ಬರುವ ಗಾಡಿಗೆ, ಇಪ್ಪತ್ತರಲ್ಲಿ ಹೋಗುವ ನಿಮ್ಮ ಕತ್ತಲ ಟ್ರೇಲರ್ ಹತ್ತಿರ ಬರುವವರೆಗೂ ಕಾಣುವುದಿಲ್ಲ. ಹಿಂದೆ ಎರಡು ಕೆಂಪು ದೀಪ, ಇಂಡಿಕೇಟರ್, ಕೆಂಪು ರಿಫ್ಲೆಕ್ಟರ್, ಅಂಚಿಗೆ ಹೊಳೆಯುವ ಪಟ್ಟಿ ಇರಬೇಕು. ಟ್ರ್ಯಾಕ್ಟರಿನ ಹಿಂದಿನ ಏಳು ಪಿನ್ನಿನ ಸಾಕೆಟಿಗೆ ವೈರ್ ಸಿಕ್ಕಿಸಿ ಒಂದೊಂದೂ ಉರಿಯುತ್ತದೆಯೇ ನೋಡಿ. ಹಿಂಬಾಗಿಲು ತೆರೆದು ಇಳಿಬಿಟ್ಟಾಗ ದೀಪ ಮುಚ್ಚಿಹೋಗುವ ಹಾಗೆ ಕೂರಿಸಿರುತ್ತಾರೆ, ಅದನ್ನೂ ಗಮನಿಸಿ.

ಹಂತ 9: ಕುರಿ, ದನ ಸಾಗಿಸುವವರಿಗೆ

ಚಳ್ಳಕೆರೆ, ಹಿರಿಯೂರು ಕಡೆಯ ಕುರಿಯವರು, ಎತ್ತು ಕಟ್ಟಿಕೊಂಡು ಜಾತ್ರೆಗೆ ಹೋಗುವವರು ಇದನ್ನು ಬಿಡದೆ ಓದಿ. ಧಾನ್ಯದ ಡಬ್ಬಿ ಮೂಕ ಪ್ರಾಣಿಗೆ ಹಾಗೇ ಆಗುವುದಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 125-ಇ ಪ್ರಕಾರ, ಸಾಗಿಸುವ ವಾಹನದಲ್ಲಿ ಒಂದು ಹಸು ಅಥವಾ ಎಮ್ಮೆಗೆ 2 ಚದರ ಮೀಟರ್, ಕುದುರೆಗೆ 2.25, ಕುರಿ ಮೇಕೆಗೆ 0.3 ಚದರ ಮೀಟರ್ ಜಾಗ ಬೇಕು. 10 ಅಡಿಗೆ 6 ಅಡಿಯ ಡಬ್ಬಿಯ ತಳ 5.57 ಚದರ ಮೀಟರ್. ಈ ಅಳತೆಯಲ್ಲಿ ಅಲ್ಲಿ ಹಿಡಿಸುವುದು ಎರಡೇ ದನ, ಅಥವಾ 18 ಕುರಿ.

2 ಅಡಿ ಗೋಡೆ ಎತ್ತಿಗೆ ಮೊಣಕಾಲ ಹತ್ತಿರಕ್ಕೆ ಬರುತ್ತದೆ, ಬೆದರಿದರೆ ಹಾರಿಬಿಡುತ್ತದೆ. ಮೇಲೆ ಪೈಪಿನ ಚೌಕಟ್ಟು ಕೂರಿಸಲು ಗೂಟದ ಜಾಗ ಇದೆಯೇ ನೋಡಿ. ಡಬ್ಬಿಯೊಳಗೆ ಇಡೀ ಸುತ್ತು ಕೈಯಾಡಿಸಿ: ಚೂಪು ಅಂಚು, ಹೊರಬಂದ ಬೋಲ್ಟಿನ ತುದಿ, ವೆಲ್ಡಿಂಗಿನ ಮುಳ್ಳು, ನಿಮ್ಮ ಕೈಗೆ ತಾಗಿದ್ದೆಲ್ಲ ಪ್ರಾಣಿಯ ಮೈಗೂ ತಾಗುತ್ತದೆ. ನುಣ್ಣನೆಯ ಶೀಟಿನ ಮೇಲೆ ಗಂಜಲ ಬಿದ್ದರೆ ಗೊರಸು ನಿಲ್ಲುವುದಿಲ್ಲ. ತೆಂಗಿನ ನಾರಿನ ಹಾಸು ಅಥವಾ ಮರದ ಹಲಗೆ ಹಾಕಿ ಮೇಲೆ ಹುಲ್ಲು ಹರಡಬೇಕು. ಹತ್ತಿಸಲು ಇಳಿಸಲು ಇಳಿಜಾರಿನ ಹಲಗೆ ಬೇಕು, ಅದಕ್ಕೆ ಅಡ್ಡ ರೀಪು ಹೊಡೆದಿರಬೇಕು. ಹಗ್ಗ ಕಟ್ಟಲು ಒಳಗೆ ಗಟ್ಟಿ ಬಳೆಗಳಿರಲಿ, ಶೀಟಿಗೆ ವೆಲ್ಡ್ ಮಾಡಿದವಲ್ಲ, ಚೌಕಟ್ಟಿಗೆ ಮಾಡಿದವು.

ಹಂತ 10: ಕಾಗದ

ಮೋಟಾರು ವಾಹನ ಕಾಯ್ದೆ, 1988ರ ಪ್ರಕಾರ ಟ್ರೇಲರ್ ಬೇರೆಯೇ ವಾಹನ. ಅದಕ್ಕೆ ತನ್ನದೇ ನೋಂದಣಿ ಸಂಖ್ಯೆ, ತನ್ನದೇ ಚಾಸಿ ನಂಬರ್ ಇರಬೇಕು. ಟ್ರ್ಯಾಕ್ಟರಿನ ನಂಬರನ್ನೇ ಟ್ರೇಲರಿನ ಮೇಲೂ ಬರೆಸಿ "ಎರಡಕ್ಕೂ ಒಂದೇ" ಎಂದರೆ ನಂಬಬೇಡಿ. ಒಟ್ಟಿಗೆ ನೋಂದಣಿ ಮಾಡಿಸಿದಾಗ ಬೆನ್ನುಬೆನ್ನಿಗೆ ನಂಬರ್ ಬರುವುದುಂಟು, ಆದರೂ ಅವು ಎರಡು ನಂಬರ್. ದಾವಣಗೆರೆಯದಾದರೆ ಕೆಎ-17, ಚಿತ್ರದುರ್ಗದ್ದಾದರೆ ಕೆಎ-16. ಸರ್ಕಾರದ ಎಂಪರಿವಾಹನ್ ಆಪಿನಲ್ಲಿ ನಂಬರ್ ಹಾಕಿ ವಿವರ ತೆಗೆಯಿರಿ. ಚಾಸಿಯ ಮೇಲೆ ಕೊರೆದ ನಂಬರಿಗೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆದು, ಆರ್‌ಸಿಯ ಜೊತೆ ಒಂದೊಂದೇ ಅಕ್ಷರ ಹೋಲಿಸಿ. ನಂಬರ್ ಇರುವ ತುಂಡನ್ನೇ ಕತ್ತರಿಸಿ ಬೇರೆ ಚಾಸಿಗೆ ವೆಲ್ಡ್ ಮಾಡಿದ್ದರೆ ಕೈ ಮುಗಿದು ಎದ್ದು ಬನ್ನಿ.

ಆರ್‌ಸಿಯಲ್ಲಿ ಫೈನಾನ್ಸಿನ ಹೆಸರಿದ್ದರೆ, ಸಾಲ ತೀರಿದ್ದಕ್ಕೆ ಅವರ ಎನ್‌ಓಸಿ, ಅಂದರೆ ಆಕ್ಷೇಪವಿಲ್ಲ ಎಂಬ ಪತ್ರ, ಮತ್ತು ಆರ್‌ಸಿಯಿಂದ ಅವರ ಹೆಸರು ತೆಗೆಸುವ ಫಾರಂ 35 ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ಹೆಸರು ಬದಲಾವಣೆಗೆ ಫಾರಂ 29 ಮತ್ತು 30 ಬೇಕು. ಒಂದೇ ರಾಜ್ಯದೊಳಗಾದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು. ಹೊಸದಾದರೆ ಫಾರಂ 21 ಅಂದರೆ ಮಾರಾಟದ ಪತ್ರ, ಫಾರಂ 22 ಅಂದರೆ ರಸ್ತೆಯೋಗ್ಯತೆಯ ಪತ್ರ, ಇವೆರಡನ್ನೂ ಕೊಡುತ್ತೀರಾ ಎಂದು ಮುಂಗಡ ಕೊಡುವ ಮೊದಲೇ ಕೇಳಿ. ಅವಿಲ್ಲದಿದ್ದರೆ ಎಷ್ಟೇ ಗಟ್ಟಿ ಟ್ರೇಲರ್ ಕಟ್ಟಿಕೊಟ್ಟರೂ ನೋಂದಣಿಗೆ ಅಲೆಯಬೇಕಾಗುತ್ತದೆ.

ವಿಮೆಯಲ್ಲಿ ಎಡವುವವರೇ ಹೆಚ್ಚು. ಟ್ರ್ಯಾಕ್ಟರಿನ ಪಾಲಿಸಿಯಲ್ಲಿ ಟ್ರೇಲರ್ ತಾನಾಗಿ ಸೇರುವುದಿಲ್ಲ. ಅದರ ನಂಬರ್ ಪಾಲಿಸಿಯಲ್ಲಿ ನಮೂದಾಗಿ, ಅದಕ್ಕೂ ಪ್ರೀಮಿಯಂ ಕಟ್ಟಿರಬೇಕು. ಕೃಷಿಗೆಂದು ನೋಂದಣಿಯಾದದ್ದರಲ್ಲಿ ಬಾಡಿಗೆ ಮರಳು ಹೊಡೆಯುವಾಗಲೋ, ಮದುವೆ ದಿಬ್ಬಣದ ಜನರನ್ನು ಕೂರಿಸಿಕೊಂಡು ಹೋಗುವಾಗಲೋ ಅಪಘಾತವಾದರೆ ಪರಿಹಾರದ ಭಾರ ನಿಮ್ಮ ಹೊಲದ ಮೇಲೇ ಬರಬಹುದು. ಟ್ರೇಲರಿನಲ್ಲಿ ಜನ ಕೂರಿಸಬೇಡಿ.

ಹಂತ 11: ಹೊಸದು ಮಾಡಿಸುವುದಾದರೆ, ಹಾಗೂ ಓಡಿಸಿ ನೋಡುವುದು

ವರ್ಕ್‌ಶಾಪಿನಲ್ಲಿ ಹೊಸದು ಮಾಡಿಸುವವರು ಅಳತೆ, ಶೀಟಿನ ಮಿ.ಮೀ., ಚಾನಲ್ಲಿನ ಸೈಜು, ಆಕ್ಸಲ್ಲಿನ ದಪ್ಪ, ಟೈರು, ಎಲ್ಲವನ್ನೂ ಒಂದು ಕಾಗದದ ಮೇಲೆ ಬರೆಸಿ ಸಹಿ ಹಾಕಿಸಿಕೊಳ್ಳಿ. ಅದರ ಜೊತೆ ಈ ಒಂದು ಮಾತು ಮುಂಗಡ ಕೊಡುವಾಗಲೇ ಹೇಳಿ: "ಬಣ್ಣ ಹೊಡೆಯೋ ಮುಂಚೆ ಫೋನ್ ಮಾಡಿ, ನಾನು ಬಂದು ನೋಡ್ತೀನಿ." ಬರೀ ಕಬ್ಬಿಣ ಕಾಣುವಾಗ ನೋಡಿದರೆ ಟಾಕ್ ಎಲ್ಲಿ, ಪೂರ್ತಿ ವೆಲ್ಡಿಂಗ್ ಎಲ್ಲಿ, ಜೋಡಣೆ ಎಲ್ಲಿ, ಎಲ್ಲ ಬಯಲಾಗುತ್ತದೆ. ಒಳ್ಳೆಯ ಮೇಸ್ತ್ರಿ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ, ತಾನೇ ಕರೆದು ಬೆರಳಿಟ್ಟು ತೋರಿಸುತ್ತಾನೆ. ಅಂಥವರು ನಮ್ಮ ಎರಡೂ ಜಿಲ್ಲೆಯಲ್ಲಿ ಇದ್ದಾರೆ, ಹುಡುಕಿಕೊಂಡು ಹೋಗುವ ಕಷ್ಟ ಪಡಿ.

ಓಡಿಸಿ ನೋಡುವುದು ಕೊನೆಗೆ. ನೀವು ದಿನಾ ಹೇರುವಷ್ಟು ಹೇರಿ, ಐದಾರು ಕಿಲೋಮೀಟರ್ ಓಡಿಸಿ. ನೀವು ಟ್ರ್ಯಾಕ್ಟರ್ ಮೇಲೆ ಕೂರಬೇಡಿ, ಬೈಕಿನಲ್ಲಿ ಹಿಂದೆ ಬನ್ನಿ. ಟ್ರೇಲರ್ ಎಡಕ್ಕೆ ಬಲಕ್ಕೆ ಬಾಲ ಆಡಿಸುತ್ತದೆಯೇ, ಗಾಲಿ ಒಂದೇ ಗೆರೆಯಲ್ಲಿ ಹೋಗುತ್ತದೆಯೇ ನೋಡಿ. ನಿಲ್ಲಿಸಿದ ಕೂಡಲೇ ಇಳಿದು ಹಬ್ಬಿನ ಹತ್ತಿರಕ್ಕೆ ಅಂಗೈ ತನ್ನಿ, ಕಾವು ಹೊಡೆಯದಿದ್ದರೆ ಮುಟ್ಟಿ. ಉಗುರುಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಸುಡುತ್ತಿದ್ದರೆ, ಗ್ರೀಸು ಸುಟ್ಟ ವಾಸನೆ ಬಂದರೆ, ಆ ಬೇರಿಂಗು ಮಾರುಕಟ್ಟೆ ಮುಟ್ಟುವುದಿಲ್ಲ. ಒಂದು ಬಿಸಿ, ಒಂದು ತಣ್ಣಗೆ ಇದ್ದರೂ ಬಿಸಿಯಾದದ್ದನ್ನು ಬಿಚ್ಚಿಸಿ. ಆಮೇಲೆ ಮತ್ತೊಮ್ಮೆ ಗೋಣಿಚೀಲ ಹಾಸಿ, ಹೇರು ಇಳಿಸಿ, ಗಾಲಿಗೆ ಕಲ್ಲು ಕೊಟ್ಟು, ಮೊದಲು ಸೀಮೆಸುಣ್ಣದಿಂದ ಗುರುತು ಮಾಡಿದ ಜಾಗಗಳನ್ನೆಲ್ಲ ನೋಡಿ. ಮೊದಲು ಮುಚ್ಚಿಕೊಂಡಿದ್ದ ಬಿರುಕು ಹೇರು ಹೊತ್ತು ಬಂದ ಮೇಲೆ ಎದ್ದು ಕಾಣಬಹುದು.

ಮನೆಗೆ ತಂದ ಮೇಲೆ ಮೊದಲ ಹೇರು ಇಳಿಸಿದ ದಿನವೇ ಗಾಲಿಯ ನಟ್ಟು, ಯು-ಬೋಲ್ಟು ಎರಡನ್ನೂ ಮತ್ತೆ ಬಿಗಿ ಮಾಡಿಸಿ. ಹೊಸದರಲ್ಲಿ ಅವು ಸಡಿಲವಾಗಿಯೇ ಆಗುತ್ತವೆ. ಹಬ್ಬಿಗೆ ಗ್ರೀಸು ತುಂಬಿಸಿದ ತಾರೀಖನ್ನು ಹಿಂಬಾಗಿಲಿನ ಒಳಗೆ ಬಣ್ಣದಲ್ಲಿ ಬರೆದಿಡಿ, ಮುಂದಿನ ಸುಗ್ಗಿಯ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ.